ನವೆಂಬರ್ ಒಂದರ ಹಠ

ರಾಜ್ಯೋತ್ಸವ ಯಾವಾಗ ಎಂದು ಕರ್ನಾಟಕದಲ್ಲಿ ಯಾರನ್ನು ಕೇಳಿದರೂ ನವೆಂಬರ್ ಒಂದು ಎನ್ನುತ್ತಾರೆ. ಗುಜರಾತಿನ ಕನ್ನಡಿಗರನ್ನು ಕೇಳಿದರೆ ‘ಹಾಲ್ ಯಾವಾಗ ಸಿಗುತ್ತೋ ಆವಾಗ’ ಎನ್ನುತ್ತಾರೆ. ತಮಾಷೆಗೆ ಹೇಳುವ ಮಾತಲ್ಲ ಇದು, ನಡೆದುಬಂದ ಸಂಪ್ರದಾಯ. ನವೆಂಬರಿನ ಯಾವ ಭಾನುವಾರವಾದರೂ ಆದೀತು, ಡಿಸೆಂಬರಾದರೂ ಆದೀತು. ಒಂದು ವರ್ಷವಂತೂ ವಡೋದರಾದಲ್ಲಿ ರಾಜ್ಯೋತ್ಸವವನ್ನೂ ಸಂಕ್ರಾಂತಿಯನ್ನೂ ಒಂದೇ ಊಟದಲ್ಲಿ ಮುಗಿಸಿ ಕೈತೊಳೆದುಕೊಂಡಿದ್ದರು. ತಾಯಿ ಭುವನೇಶ್ವರಿ ಅದಕ್ಕೆಲ್ಲ ಕೋಪಿಸಿಕೊಂಡವಳಲ್ಲ. ಕೋಪಿಸಿಕೊಂಡವಳು ಸುಲೋಚನಾ ಒಬ್ಬಳೇ.

ಸುಲೋಚನಾ ರಾಣೆಬೆನ್ನೂರಿನವಳು. ಗಂಡ ಯಶವಂತ್ ವಡೋದರಾ ಪಕ್ಕದ ಕೊಯಾಲಿಯ ರಿಫೈನರಿಯಲ್ಲಿದ್ದ. ಮದುವೆಯಾಗಿ ಅಲ್ಲಿನ ಟೌನ್‌ಶಿಪ್ಪಿಗೆ ಬಂದವಳು ವಡೋದರಾದ ಒಂದು ವಿಮಾ ಕಚೇರಿಯಲ್ಲಿ ಕೆಲಸ ಹಿಡಿದು, ಮಗಳು ಅದಿತಿಯನ್ನು ಅಲ್ಲೇ ಹೆತ್ತು, ಅಲ್ಲೇ ಬೆಳೆಸಿದಳು. ಯಶವಂತ್ ಹೃದಯಾಘಾತದಿಂದ ಇದ್ದಕ್ಕಿದ್ದಂತೆ ಹೋದ ಮೇಲೆ ಕ್ವಾರ್ಟರ್ಸ್ ಬಿಟ್ಟು ವಡೋದರಾದ ಗೋರ್ವಾ ಬಡಾವಣೆಯ ಫ್ಲಾಟಿಗೆ ಬಂದಳು. ರಾಣೆಬೆನ್ನೂರಿನಲ್ಲಿ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡು, ಮನೆ ಮಾರಿ, ಅದು ಬಿದ್ದು, ಅಲ್ಲೀಗ ಮೊಬೈಲ್ ಅಂಗಡಿಯಿದೆ. ಹೀಗಾಗಿ ಅವಳಿಗೆ ತವರು ಅಂತ ಉಳಿದದ್ದು ಕೊಯಾಲಿ ಕನ್ನಡ ಕೂಟ ಒಂದೇ. ಯಶವಂತ್ ಹೋದಾಗ ಹದಿಮೂರು ದಿನವೂ ಅವಳ ಒಲೆ ಹತ್ತದಂತೆ ನೋಡಿಕೊಂಡವರು ಕೂಟದ ಹೆಂಗಸರು. ಅಂಥದ್ದನ್ನು ಮರೆಯುವ ಜಾತಿಯವಳಲ್ಲ ಅವಳು.

ಕರ್ನಾಟಕಕ್ಕೆ ಆ ಹೆಸರು ಬಂದು ಐವತ್ತು ತುಂಬುವ ವರ್ಷ ಬಂತು. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರಿನ ಕನ್ನಡಿಗರು ಸೇರಿ ವರ್ಷವಿಡೀ ಹಬ್ಬ ಮಾಡೋಣ ಎಂದು ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ಸಭೆ ಸೇರಿದರು. ಸಭೆ ನಡೆದದ್ದು ಅಹಮದಾಬಾದ್ ಸಂಘದ ಅಧ್ಯಕ್ಷ ಉಮಾಕಾಂತರ ಕ್ವಾರ್ಟರ್ಸಿನಲ್ಲಿ. ಉಮಾಕಾಂತರು ತೈಲ ಕಂಪನಿಯ ದೊಡ್ಡ ಅಧಿಕಾರಿ, ಮೈಸೂರಿನವರು, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ನಯವಾಗಿ ಮಾತಾಡುವವರು. ಉದ್ಘಾಟನೆ ಅಹಮದಾಬಾದಿನಲ್ಲಿ, ಆಮೇಲೆ ತಿಂಗಳಿಗೊಂದು ಕಾರ್ಯಕ್ರಮ ಮೂರೂ ಊರುಗಳಲ್ಲಿ ಸರದಿಯಂತೆ ಎಂದು ತೀರ್ಮಾನವಾಯಿತು. ಎರಡನೇ ಸಲ ಕಾಫಿ ಬಂದಾಗ ಉಮಾಕಾಂತರು ಗಂಟಲು ಸರಿಮಾಡಿಕೊಂಡರು.

‘ಸುಲೋಚನಾ ಅವ್ರೇ, ಬೇಜಾರ್ ಮಾಡ್ಕೋಬೇಡಿ. ಕೊಯಾಲಿ ಕೂಟ ಅಂತ ಈಗ ಉಳಿದಿರೋದು ನೀವು, ನಿಮ್ಮ ಬ್ಯಾನರ್ರು. ಹೊಸಬ್ರು ಬರ್ತಿಲ್ಲ, ಹಳಬ್ರು ರಿಟೈರಾಗಿ ಊರಿಗೆ ಹೋಗ್ತಿದಾರೆ. ಈ ವರ್ಷ ಮುಗಿದ್ಮೇಲೆ ನಮ್ಮ ಜೊತೆ ಸೇರ್ಕೊಂಡ್ಬಿಡಿ.’

‘ಸೇರೂದು ಅಂದ್ರ ಮುಚ್ಚೂದು ಅಂತ ನೇರ ಹೇಳ್ರಿ ಸರ್.’

‘ಛೆ ಛೆ, ಹಾಗಲ್ಲ...’

‘ಹಂಗ ಐತಿ ಬಿಡ್ರಿ. ಒಂದ ಮಾತು ಹೇಳ್ತೀನಿ. ಸಮಾರೋಪ ನಮ್ಮಲ್ಲಾಗಲಿ, ಕೊಯಾಲಿ ಕೂಟದ್ದು. ಮುಂದಿನ ನವೆಂಬರ್ ಒಂದಕ್ಕ, ಖರೇ ತಾರೀಖಿಗೆ. ಆ ಭಾನುವಾರ, ಈ ಭಾನುವಾರ ಅಂತ ಸರಸೂದಿಲ್ಲ. ಅವತ್ತ ಹಾಲ್ ತುಂಬಲಿಲ್ಲಂದ್ರ ನಾನ ಕೂಟಕ್ಕ ಬೀಗ ಹಾಕಿ ಕೀಲಿ ನಿಮ್ಮ ಕೈಯಾಗ ಕೊಡ್ತೀನಿ.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನವೆಂಬರ್ ಒಂದರಿಂದ ನವೆಂಬರ್ ಒಂದರವರೆಗೆ ಎನ್ನುವುದು ಕಿವಿಗೂ ಚೆನ್ನಾಗಿತ್ತು. ಮುಂದಿನ ವರ್ಷದ ಕ್ಯಾಲೆಂಡರ್ ಇನ್ನೂ ಅಚ್ಚಾಗಿರಲಿಲ್ಲ, ಆದ್ದರಿಂದ ಯಾರೂ ತೆಗೆದು ನೋಡಲಿಲ್ಲ. ಇದ್ದಿದ್ದರೂ ನೋಡುತ್ತಿದ್ದರೆಂದು ಹೇಳಲಾರೆ. ಚಪ್ಪಾಳೆ ತಟ್ಟುವ ಕೈ ಹಾಳೆ ತಿರುವುವುದಿಲ್ಲ.

ವರ್ಷವೇನೋ ಚೆನ್ನಾಗಿಯೇ ನಡೆಯಿತು. ಅಹಮದಾಬಾದಿನ ಸಂಕ್ರಾಂತಿಯ ದಿನ ಇಡೀ ಊರು ಗಾಳಿಪಟ ಹಿಡಿದು ಮಹಡಿ ಹತ್ತಿರುತ್ತದೆ, ಹಾಲಿಗೆ ಬಾ ಎಂದರೆ ನಾಯಿಯೂ ಬರುವುದಿಲ್ಲ. ಇವರು ಜಾಣತನ ಮಾಡಿ ಕಾರ್ಯಕ್ರಮವನ್ನೇ ಮಹಡಿಯ ಮೇಲೆ ಇಟ್ಟರು. ಹಳದಿ ಕೆಂಪು ಪಟ ಹಾರಿಸುತ್ತ, ಎಳ್ಳುಬೆಲ್ಲ ತಿನ್ನುತ್ತ ಭಾಷಣ ಕೇಳಿದರು. ಸೂರತ್ತಿನಲ್ಲಿ ಯುಗಾದಿ ಆಯಿತು. ವಡೋದರಾದಲ್ಲಿ ಜೂನ್ ತಿಂಗಳಿನಲ್ಲಿ ಮಕ್ಕಳ ಹಾಡು. ಮಕ್ಕಳು ಕನ್ನಡದ ಹಾಡನ್ನು ಗುಜರಾತಿ ಅಕ್ಷರದಲ್ಲಿ ಬರೆದುಕೊಂಡು ಬಂದು, ಒಂದು ಸಾಲೂ ತಪ್ಪದೆ ಹಾಡಿ, ಇಳಿದ ಮೇಲೆ ‘ಇದರ ಅರ್ಥ ಏನು’ ಎಂದು ಅಮ್ಮಂದಿರನ್ನು ಕೇಳಿದರು. ಅಮ್ಮಂದಿರಲ್ಲಿ ಅರ್ಧ ಜನಕ್ಕೆ ಗೊತ್ತಿತ್ತು.

ಜುಲೈ ಬಂತು. ಸಮಾರೋಪಕ್ಕೆ ಹಾಲ್ ಸಿಕ್ಕಿದ್ದು ಬಲು ಸಲೀಸಾಗಿ. ವಡೋದರಾದಲ್ಲಿ ಒಳ್ಳೆಯ ಹಾಲ್ ಬೇಕೆಂದರೆ ಯಾರ ಯಾರದೋ ಕೈಕಾಲು ಹಿಡಿಯಬೇಕಾಗುತ್ತದೆ; ಇದರ ಮ್ಯಾನೇಜರ್ ಮಾತ್ರ ತಾರೀಖು ಕೇಳಿದವನೇ ಒಂದು ಸಲ ಅವಳ ಮುಖ ನೋಡಿ, ನಗುನಗುತ್ತ ರಸೀದಿ ಹರಿದುಕೊಟ್ಟ. ತನ್ನ ಅದೃಷ್ಟ ಎಂದುಕೊಂಡು ಸುಲೋಚನಾ ಅಲ್ಲಿಂದ ನೇರ ಮಂಟಪದ ಗಿರಿಧರಭಾಯಿಯ ಅಂಗಡಿಗೆ ಹೋದಳು. ಕೂಟದ ಎಲ್ಲ ಕಾರ್ಯಕ್ರಮಗಳಿಗೂ ವೇದಿಕೆ, ಶಾಮಿಯಾನ, ಅಡುಗೆಯವರನ್ನು ಒದಗಿಸುತ್ತಿದ್ದವನು ಅವನೇ. ಅವನು ತಾರೀಖು ಕೇಳಿ ಹೊಟ್ಟೆ ಕುಣಿಯುವಂತೆ ನಕ್ಕ. ನಕ್ಕು ಮುಗಿಸಿ ಗುಜರಾತಿಯಲ್ಲಿ ಹೇಳಿದ್ದು ಇಷ್ಟು: ‘ಬೆನ್, ಆವತ್ತು ದಿವಾಳಿ. ಮಾರನೇ ದಿನ ನಮ್ಮ ಹೊಸ ವರ್ಷ. ಧನ್‌ತೇರಸ್‌ನಿಂದ ಲಾಭ್ ಪಾಂಚಮ್‌ವರೆಗೆ, ಎಂಟೊಂಬತ್ತು ದಿನ, ಈ ಊರಿನಲ್ಲಿ ಒಂದು ಗಳ ನೆಡುವವನೂ ನಿಮಗೆ ಸಿಗುವುದಿಲ್ಲ. ಅಡುಗೆಯ ಮಹಾರಾಜ್ ರಾಜಸ್ಥಾನದಲ್ಲಿ ತನ್ನ ಹೆಂಡತಿ ಮಾಡಿದ್ದು ತಿನ್ನುತ್ತಿರುತ್ತಾನೆ. ಮೈಕಿನವನು ಗಿರ್ ಕಾಡಿನಲ್ಲಿ ಸಿಂಹ ನೋಡುತ್ತಿರುತ್ತಾನೆ. ನನ್ನ ಮನೆಗೆ ಬಂದರೆ ನಾನೂ ಸಿಗುವುದಿಲ್ಲ.’

ಸುಲೋಚನಾ ಅದನ್ನು ನೋಡಿಯೇ ಇರಲಿಲ್ಲ. ದೀಪಾವಳಿ ಯಾವತ್ತು ಬರುತ್ತದೆ ಎಂದು ಮುಂಚಿತವಾಗಿ ನೋಡುವವರು ರೈಲಿನ ಟಿಕೆಟ್ ತೆಗೆಸುವವರು. ನಾಲ್ಕು ತಿಂಗಳು ಮೊದಲೇ ಬುಕಿಂಗ್ ತೆರೆಯುತ್ತದೆ, ತೆರೆದ ಬೆಳಗ್ಗೆಯೇ ತುಂಬಿಹೋಗುತ್ತದೆ. ಶಾಲೆಗಳಿಗೆ ಮೂರು ವಾರ ರಜೆ, ಎಲ್ಲರೂ ಊರಿಗೆ ಓಡುತ್ತಾರೆ. ಅವಳು ಊರಿಗೆಂದು ಟಿಕೆಟ್ ತೆಗೆಸಿ ಎಷ್ಟೋ ವರ್ಷವಾಗಿತ್ತು. ಹೋಗಲಿಕ್ಕೆ ಊರಿದ್ದವರು ಮಾಡುವ ತಪ್ಪಲ್ಲ ಇದು. ಆ ಮಾತು ತಲೆಗೆ ಹೊಳೆದದ್ದೇ ತಡ, ಗಿರಿಧರಭಾಯಿಯ ಅಂಗಡಿಯಲ್ಲೇ, ಅವನು ತರಿಸಿಕೊಟ್ಟ ಚಹಾ ಮುಂದಿಟ್ಟುಕೊಂಡು, ಅವಳಿಗೆ ಅಳು ಬಂತು.

ಕೂಟದ ಉಳಿದವರಿಗೆ ಗೊತ್ತಿರಲಿಲ್ಲವೇ? ಎಲ್ಲರಿಗೂ ಗೊತ್ತಿತ್ತು! ಟಿಕೆಟ್ ತೆಗೆಸಿ, ತೆಪ್ಪಗೆ ಕೂತಿದ್ದರು. ‘ಅಕ್ಕನಿಗೆ ಯಾರು ಹೇಳೋದು’ ಎಂದು ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಿದ್ದರು. ಅವಳು ಫೋನ್ ಮಾಡಿದಾಗ ಒಬ್ಬರಿಗೆ ಭಾವಮೈದುನನ ಗೃಹಪ್ರವೇಶ, ಇನ್ನೊಬ್ಬರಿಗೆ ಅತ್ತೆಯ ಕಣ್ಣಿನ ಆಪರೇಷನ್, ಮತ್ತೊಬ್ಬರು ‘ನೋಡ್ತೀನಿ ಅಕ್ಕಾ’ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟರು. ಮನೆಗೆ ಬಂದರೆ ಮಗಳು ಅದಿತಿ ಇನ್ನೊಂದು ಹೇಳಿದಳು.

‘ಒಂದ್ನೇ ತಾರೀಕು ದಿವಾಳಿ ಅಂತ ನನ್ಗೆ ಗೊತ್ತಿತ್ತು ಮಮ್ಮಿ. ಕರ್ನಾಟಕದ್ದು ಏನೋ ಅಲಗ್ ಕ್ಯಾಲೆಂಡರ್ ಇರ್ತದೆ ಅಂತ ಚುಪ್ ಇದ್ದೆ.’

ಸುಲೋಚನಾ ಸಿಟ್ಟಾಗಬೇಕೋ ನಗಬೇಕೋ ತಿಳಿಯದೆ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆದಳು.

ಆಗಸ್ಟಿನಲ್ಲಿ ಎಲ್ಲರೂ ಫೋನಿನ ಪರದೆಯಲ್ಲಿ ಸಭೆ ಸೇರಿದರು. ಉಮಾಕಾಂತರು ಒಂದಿಷ್ಟೂ ವ್ಯಂಗ್ಯವಿಲ್ಲದೆ ಮಾತಾಡಿದರು, ಅದೇ ಅವಳನ್ನು ಹೆಚ್ಚು ಚುಚ್ಚಿತು. ನವೆಂಬರ್ ಕೊನೆಯ ಭಾನುವಾರಕ್ಕೆ ಹಾಕಿಕೊಳ್ಳೋಣ ಎಂದರು. ಆದರೆ ಆ ಹೊತ್ತಿಗೆ ಗುಜರಾತಿನಲ್ಲಿ ಮದುವೆಗಳು ಶುರುವಾಗಿರುತ್ತವೆ. ವಡೋದರಾದಲ್ಲಿ ಒಂದು ಹಾಲೂ ಖಾಲಿಯಿಲ್ಲ. ಖಾಲಿಯಿರುವುದು ಚಾಂದ್‌ಖೇಡಾದ ಆಡಿಟೋರಿಯಂ. ಎಂದರೆ ಸಮಾರೋಪ ಅಹಮದಾಬಾದಿನ ಸಂಘದ್ದಾಗುತ್ತದೆ, ಕೊಯಾಲಿಯವರು ಹೋಗಿ ಉಂಡು ಬರುತ್ತಾರೆ, ಅಲ್ಲಿಗೆ ಕೂಟದ ಕಥೆ ಮುಗಿಯುತ್ತದೆ. ಇದು ಪರದೆಯಲ್ಲಿದ್ದ ಪ್ರತಿಯೊಬ್ಬರಿಗೂ ಅರ್ಥವಾಗಿತ್ತು. ಗಣಪತಿ ಹಬ್ಬದವರೆಗೆ ಸಮಯ ಕೊಡಿ ಎಂದು ಸುಲೋಚನಾ ಕೇಳಿದಳು. ಕೊಟ್ಟರು.

ಸಭೆ ಮುಗಿದ ಮೇಲೆ ಮಹೇಶನ ಫೋನ್ ಬಂತು. ಬಾಗಲಕೋಟೆಯ ಮಹೇಶ್ ಸೂರತ್ ಹತ್ತಿರದ ಹಜೀರಾದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಎಂಜಿನಿಯರ್, ಸೂರತ್ತಿನ ಸಂಘವನ್ನು ಹೇಗೋ ಎಳೆದುಕೊಂಡು ಹೋಗುತ್ತಿದ್ದವನು.

‘ಅಕ್ಕಾರ, ಸಭಾದಾಗ ಹೇಳಾಕ ಆಗಲಿಲ್ಲ. ದೀಪಾವಳಿಗೆ ನನಗ ರಜಾ ಇಲ್ಲ. ಇಲ್ಲಿ ಮಂದಿ ಎಲ್ಲಾ ಹಬ್ಬಕ್ಕ ಹೋಗ್ತಾರ, ಆ ವಾರ ಪ್ಲಾಂಟ್ ನೋಡಿಕೊಳ್ಳೂದು ನಾವು ಹೊರಗಿನವರು. ನಾ ಒಬ್ಬನ ಅಲ್ರಿ. ನಮ್ಮ ಕಡೆ ಹುಡುಗರು ಭಾಳ ಮಂದಿ ಅದಾರ.’

‘ನಮ್ಮ ಕಡೆ ಅಂದ್ರ? ನಮ್ಮ ವಾಟ್ಸಾಪ್ ಗ್ರೂಪಿನ್ಯಾಗ ಇಲ್ಲಲ್ಲ?’

‘ಗ್ರೂಪಿನ್ಯಾಗ ಎಲ್ಲಿ ಇರ್ತಾರ್ರೀ? ಗುತ್ತಿಗೆ ಕೆಲಸದವರು. ಸುರಪುರ, ಶಹಾಪುರ, ಜೇವರ್ಗಿ ಕಡೆಯವರು. ಒಂದೊಂದ ಯೂನಿಟ್ ಬಂದ್ ಮಾಡಿ ರಿಪೇರಿ ಮಾಡ್ತಾರಲ್ರೀ, ಆ ಶಟ್‌ಡೌನ್ ಕೆಲಸಕ್ಕ ಬಂದಾರ. ಒಮ್ಮೆ ಬಂದ ನೋಡ್ರಿ.’

ಮುಂದಿನ ಭಾನುವಾರ ಸುಲೋಚನಾ ರೈಲು ಹತ್ತಿ ಸೂರತ್ತಿಗೆ ಹೋದಳು. ಮಹೇಶ್ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹಜೀರಾ ರಸ್ತೆಯ ಒಂದು ಹಳ್ಳಿಗೆ ಕರೆದೊಯ್ದ. ಹಳ್ಳಿಯ ಅಂಚಿನಲ್ಲಿ ತಗಡಿನ ಕೋಣೆಗಳ ಸಾಲು, ಹಗ್ಗದ ಮೇಲೆ ನೀಲಿ ಬಟ್ಟೆಗಳು. ತಿರುವಿನಲ್ಲೇ ಅವಳಿಗೆ ಕನ್ನಡ ಕೇಳಿಸಿತು. ಯಾರೋ ಯಾರನ್ನೋ ಬೈಯುತ್ತಿದ್ದ, ಬಾಯಿ ತುಂಬ, ಅಪ್ಪಟ ಸುರಪುರದ ಬೈಗುಳ. ಸಮಾರಂಭದ ಭಾಷಣಗಳಲ್ಲಿ ಕೇಳುವ ಕನ್ನಡಕ್ಕಿಂತ ಅದು ಅವಳ ಕಿವಿಗೆ ಹಿತವಾಯಿತು.

ಮಹೇಶ್ ಮೇಸ್ತ್ರಿ ಗುಂಡಪ್ಪನನ್ನು ಕರೆದ. ಎತ್ತರದಲ್ಲಿ ಕೆಲಸ ಮಾಡುವವರಿಗೆ ಕಬ್ಬಿಣದ ಪೈಪು ಜೋಡಿಸಿ ಅಟ್ಟಣಿಗೆ ಕಟ್ಟುವ ತಂಡ ಅವನದು. ನಲವತ್ತರ ಆಸುಪಾಸಿನ ಆಳು. ಬನಿಯನ್ ಮೇಲೆ ಅವಸರದಲ್ಲಿ ಅಂಗಿ ಹಾಕಿಕೊಂಡು ಬಂದ. ಸುಲೋಚನಾ ರಾಜ್ಯೋತ್ಸವದ ವಿಷಯ ಹೇಳಿದಳು. ಅವನು ತಲೆಯಾಡಿಸಿ ಪೂರ್ತಿ ಕೇಳಿಸಿಕೊಂಡ.

‘ಆಯ್ತ್ರಿ ಅಕ್ಕೋರೇ. ಸ್ಟೇಜ್ ಎಷ್ಟು ಫೂಟ್ ಹಾಕಬೇಕ್ರಿ?’

‘ಸ್ಟೇಜ್ ಹಾಕಾಕಲ್ಲಪಾ, ಕರಿಯಾಕ ಬಂದೀನಿ. ಊಟಕ್ಕ ಬರ್ರಿ. ನಿಮ್ಮ ಹಬ್ಬನೂ ಹೌದಲ್ಲ?’

ಗುಂಡಪ್ಪ ಮಹೇಶನ ಮುಖ ನೋಡಿದ. ತಪ್ಪು ತಿಳಿದುಕೊಂಡೆನೇನೋ ಎಂಬ ಅನುಮಾನ ಅವನ ಕಣ್ಣಿನಲ್ಲಿತ್ತು. ಹಿಂದಿನಿಂದ ಯಾರೋ ಕೇಳಿದರು: ‘ಕಂಪನಿ ಕಾಲೋನಿ ಒಳಗೇನ್ರಿ? ಗೇಟ್ ಪಾಸ್ ಇಲ್ದ ನಮ್ಮನ್ನ ಬಿಡಂಗಿಲ್ರಿ.’

ಸುಲೋಚನಾಳಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಕನ್ನಡಿಗರು ಕಡಿಮೆಯಾದರು, ಕಡಿಮೆಯಾದರು ಎಂದು ಕೂಟದವರೆಲ್ಲ ಹಾಡಿದ್ದೇ ಹಾಡಿದ್ದರು. ಕ್ವಾರ್ಟರ್ಸಿನಲ್ಲಿರುವವರು ಕಡಿಮೆಯಾಗಿದ್ದರು, ಅಷ್ಟೆ. ಗೇಟಿನ ಹೊರಗೆ ಯಾರಿದ್ದಾರೆಂದು ಯಾರೂ ಇಣುಕಿ ನೋಡಿರಲಿಲ್ಲ, ಅವಳೂ ನೋಡಿರಲಿಲ್ಲ.

‘ಗೇಟಿನ ಹೊರಗ ಮಾಡೋಣು’ ಎಂದಳು. ‘ಇಲ್ಲೇ ಮಾಡೋಣು.’

ಬಾಯಿಂದ ಬಂದ ಮೇಲೆ ತಾನೇನು ಹೇಳಿದೆ ಎಂದು ಅವಳಿಗೆ ಹೊಳೆಯಿತು. ವಡೋದರಾದ ಹಾಲ್ ತುಂಬಿಸುತ್ತೇನೆ ಎಂದು ಪಣ ಕಟ್ಟಿದವಳು ಹಬ್ಬವನ್ನೇ ಎತ್ತಿ ಹಜೀರಾಕ್ಕೆ ಕೊಟ್ಟುಬಿಟ್ಟಿದ್ದಳು. ಇವರನ್ನು ಬಸ್ಸಿನಲ್ಲಿ ವಡೋದರಾಕ್ಕೆ ಕರೆಸೋಣವೆಂದರೆ ಒಂದು ಪಾಳಿ ತಪ್ಪಿದರೆ ಒಂದು ದಿನದ ಕೂಲಿ ಹೋಗುತ್ತದೆ, ಬನ್ನಿ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ರೈಲಿನಲ್ಲಿ ಹಿಂದಿರುಗುವಾಗ ಉಮಾಕಾಂತರಿಗೆ ಫೋನ್ ಮಾಡಿ ಹೇಳಿದಳು.

‘ಹಾಗಾದ್ರೆ ಕೊಯಾಲಿಗೇನೂ ಉಳಿಯೋದಿಲ್ವಲ್ರೀ ಸುಲೋಚನಾ ಅವ್ರೇ?’

‘ಇಲ್ರೀ ಸರ್. ಕೀಲಿ ತಂದ ಕೊಡ್ತೀನಿ. ಆದ್ರ ಹಬ್ಬ ಒಂದನೇ ತಾರೀಖಿಗೇ ಆಗತೈತಿ.’

ಹಳ್ಳಿಯ ಸರಪಂಚರು ತಮ್ಮ ಸಮಾಜದ ವಾಡಿಯನ್ನು, ಎಂದರೆ ಮದುವೆ ಮಾಡುವ ಛತ್ರವನ್ನು, ಕೇಳಿದ ಕೂಡಲೇ ಬಿಟ್ಟುಕೊಟ್ಟರು. ದೀಪಾವಳಿಗೆ ಅಲ್ಲಿ ಯಾರ ಮದುವೆ? ಅಕ್ಟೋಬರ್ ಕೊನೆಯಲ್ಲಿ ಸುಲೋಚನಾ ಗ್ರೂಪಿಗೆ ಒಂದೇ ಸಾಲು ಹಾಕಿದಳು: ‘ಊರಿಗೆ ಹೋಗದವರು ಹಜೀರಾಕ್ಕೆ ಬರ್ರಿ.’ ಹೋಗದವರೂ ಇದ್ದರು ನೋಡಿ. ಹಬ್ಬದ ವಿಶೇಷ ರೈಲುಗಳ ಡ್ಯೂಟಿ ಬಿದ್ದಿದ್ದ ಒಬ್ಬ ಗಾರ್ಡ್, ಆಸ್ಪತ್ರೆಯ ಇಬ್ಬರು ನರ್ಸುಗಳು, ಬ್ಯಾಂಕಿಗೆ ಹೊಸದಾಗಿ ವರ್ಗವಾಗಿ ಬಂದು ರಜೆಯೇ ಹುಟ್ಟದಿದ್ದ ಒಂದು ಜೋಡಿ. ಅವಳ ಹಾಗೆ ಹೋಗಲು ಮನೆಯಿಲ್ಲದೆ, ಹೇಳಿಕೊಳ್ಳಲು ಬಾಯಿಯೂ ಇಲ್ಲದೆ ಸುಮ್ಮನಿದ್ದವರೂ ಇದ್ದರು. ಎರಡು ದಿನ ಅವಳ ಅಡುಗೆಮನೆಯಲ್ಲಿ ಶೇಂಗಾ ಹೋಳಿಗೆ ಲಟ್ಟಿಸಿದ್ದೇ ಲಟ್ಟಿಸಿದ್ದು. ಅದಿತಿ ಅದನ್ನು ಪೂರಣಪೋಳಿ ಎಂದೇ ಕರೆದಳು. ಆದರೆ ಅಮ್ಮನಿಗಿಂತ ತೆಳ್ಳಗೆ ಲಟ್ಟಿಸಿದಳು.

ನವೆಂಬರ್ ಒಂದು. ಸುಲೋಚನಾ ಮತ್ತು ಅದಿತಿ ಹೋಳಿಗೆಯ ಡಬ್ಬಿಗಳ ಜೊತೆ ವಾಡಿಗೆ ಹೋದಾಗ ವೇದಿಕೆ ಆಗಲೇ ನಿಂತಿತ್ತು. ಕರೆಯಲು ಬಂದಿದ್ದೇನೆ ಎಂದು ಅವಳು ಹೇಳಿದ್ದರೂ ಗುಂಡಪ್ಪನ ತಂಡ ಕೇಳಿರಲಿಲ್ಲ. ಗುತ್ತಿಗೆದಾರನಿಗೆ ಹೇಳಿ ಪೈಪು ತಂದು ಕಟ್ಟಿಯೇ ಬಿಟ್ಟಿದ್ದರು. ಹತ್ತು ಮಂದಿ ಕೂರಲಿಕ್ಕೆ ಸಾಕಾಗಿದ್ದ ವೇದಿಕೆ, ಆನೆ ಹತ್ತಿದರೂ ಅಲುಗಾಡುವಂತಿರಲಿಲ್ಲ. ಹಿಂಬದಿಯಲ್ಲಿ ಅವರ ಮೆಸ್ಸಿನ ಹೆಂಗಸರು ರೊಟ್ಟಿ ಬಡಿಯುತ್ತಿದ್ದರು. ಒಲೆಯ ಮುಂದೆ ಬಗ್ಗಿ, ಪ್ಯಾಂಟು ಮಡಚಿಕೊಂಡು ಪಾಯಸಕ್ಕೆ ಗೋಡಂಬಿ ಹುರಿಯುತ್ತ ನಿಂತಿದ್ದ ಮನುಷ್ಯನ ಗುರುತು ಅವಳಿಗೆ ತಕ್ಷಣ ಹತ್ತಲಿಲ್ಲ.

‘ಸರ್! ನೀವು ಮೈಸೂರಿಗೆ ಹೋಗಲಿಲ್ಲೇನು?’

‘ಹೆಂಡ್ತಿ ಮಕ್ಕಳನ್ನ ರೈಲು ಹತ್ತಿಸಿ ಬಂದೆ ಕಣ್ರೀ. ನೀವು ಕೀಲಿ ತಂದುಕೊಡ್ತೀನಿ ಅಂದ್ರಲ್ಲ, ಅವತ್ತಿಂದ ನಿದ್ದೆ ಸರಿಯಾಗಿ ಬಂದಿಲ್ಲ.’ ಉಮಾಕಾಂತರು ಹೊಗೆಗೆ ಕಣ್ಣೊರೆಸಿಕೊಂಡರು. ‘ಇವು ಕಪ್ಪಾಗ್ತಿವೆ, ಏನ್ಮಾಡ್ಬೇಕು ಹೇಳಿ.’

ಬೆಳಗಿನ ಪಾಳಿ ಬಿಟ್ಟ ಮೇಲೆ ಜನ ಬರತೊಡಗಿತು. ಮೊದಲು ಬಾಗಿಲಲ್ಲಿ ಹಿಂಜರಿದು ನಿಂತರು. ಮಹೇಶ್ ಹೋಗಿ ತೋಳು ಹಿಡಿದು ಒಳಗೆ ಎಳೆದ ಮೇಲೆ ಹಿಂದಿನವರು ತಾವಾಗಿಯೇ ಬಂದರು. ಮತ್ತೂ ಬಂದರು. ಕೆಲವರು ಕೆಲಸದ ನೀಲಿ ಬಟ್ಟೆಯಲ್ಲೇ ಇದ್ದರು, ಕೆಲವರು ಮಿಂದು ತಲೆ ಬಾಚಿ ಸೆಂಟು ಹಾಕಿಕೊಂಡಿದ್ದರು. ಪಕ್ಕದ ಹಳ್ಳಿಯ ಕೋಣೆಗಳಿಂದ, ಬೇರೆ ಕಾರ್ಖಾನೆಗಳಿಂದ, ಸುದ್ದಿ ಕೇಳಿದವರೆಲ್ಲ ಬಂದರು. ಧ್ವಜ ಏರಿಸಿ ನಾಡಗೀತೆ ಹಾಡುವಾಗ ಅರ್ಧ ಜನಕ್ಕೆ ಸಾಲು ನೆನಪಿರಲಿಲ್ಲ, ಆದರೂ ದನಿ ಎತ್ತಿ ಹಾಡಿದರು. ವಾಡಿ ತುಂಬಿ, ಕಿಟಕಿಯ ಕಟ್ಟೆಗಳೂ ತುಂಬಿ, ಸರಪಂಚರು ತಮ್ಮ ಮನೆಯ ಹಗ್ಗದ ಮಂಚಗಳನ್ನು ಅಂಗಳಕ್ಕೆ ತರಿಸಿದರು. ಸುಲೋಚನಾ ಬಡಿಸುತ್ತ ಬಡಿಸುತ್ತ ನಾಲ್ಕು ಸಲ ಸೆರಗಿನಿಂದ ಮುಖ ಒರೆಸಿಕೊಂಡಳು. ಸೆಖೆ ಎಂದಳು.

ದೀಪ ಹಚ್ಚುವ ಹೊತ್ತಿಗೆ ಅಮಾವಾಸ್ಯೆ ಕಳೆದು ಪಾಡ್ಯ ಹತ್ತಿತ್ತು. ಊರಿನ ಕಡೆ ಪಟಾಕಿ ಶುರುವಾಗಿತ್ತು. ರಾತ್ರಿ ಪಾಳಿಯವರು ಹೊರಡುವ ಮುಂಚೆ ಗುಂಡಪ್ಪ ಅವಳ ಹತ್ತಿರ ಬಂದ. ಹಿಂದೆ ಐದಾರು ಹುಡುಗರು ಒಬ್ಬರನ್ನೊಬ್ಬರು ತಳ್ಳುತ್ತಿದ್ದರು.

‘ಅಕ್ಕೋರೇ, ಒಂದ್ ಮಾತ್ರಿ. ಪಾಡ್ಯ ಹತ್ತ್ಯಾದ. ಊರಾಗಿದ್ರ ಈಗ ಅಕ್ಕತಂಗೇರು ಆರತಿ ಬೆಳಗ್ತಿದ್ರು. ಮೂರು ವರ್ಷಾತು, ನಮ್ಮ ಹಣಿಗೆ ಯಾರೂ ಕುಂಕುಮ ಹಚ್ಚಿಲ್ರಿ. ಹುಡುಗ್ರು ಕೇಳಾಕತ್ತಾರ... ನೀವು ಬೆಳಗ್ತೀರೇನ್ರಿ?’

ಸುಲೋಚನಾ ಅಪ್ಪ ಅಮ್ಮನಿಗೆ ಒಬ್ಬಳೇ ಮಗಳು. ಓಣಿಯ ಹುಡುಗಿಯರೆಲ್ಲ ಅಣ್ಣತಮ್ಮಂದಿರಿಗೆ ಆರತಿ ಬೆಳಗಿ, ತಾಟಿನಲ್ಲಿ ಬಿದ್ದ ದುಡ್ಡನ್ನು ತೋರಿಸಿಕೊಂಡು ಓಡಾಡುವಾಗ ಬಾಗಿಲಲ್ಲಿ ನಿಂತು ನೋಡಿದವಳು. ಅವಳು ಸೆರಗು ಸರಿಮಾಡಿಕೊಂಡಳು. ಅದಿತಿಯೇ ಮೆಸ್ಸಿನವರಿಂದ ತಾಟು ತಂದಳು. ಕುಂಕುಮ, ಅಕ್ಕಿ, ಎರಡು ಹಣತೆ ಇಟ್ಟಳು. ಗಂಡಸರು ಚಾಪೆಯ ಮೇಲೆ ಸಾಲಾಗಿ, ಚಕ್ಕಳಬಕ್ಕಳ ಹಾಕಿ, ಶಾಲೆಯ ಮಕ್ಕಳ ಹಾಗೆ ನೆಟ್ಟಗೆ ಕೂತರು. ಸಾಲು ಬಾಗಿಲು ದಾಟಿ ಅಂಗಳಕ್ಕೂ ಹೋಯಿತು. ತಲೆಯ ಮೇಲೆ ಟೋಪಿ ಬೇಕು, ಇಲ್ಲದಿದ್ದರೆ ಆರತಿ ಹೇಗೆ ಎಂದು ಯಾರೋ ತಕರಾರು ತೆಗೆದರು. ಎಲ್ಲರೂ ತಮ್ಮ ತಮ್ಮ ಸೇಫ್ಟಿ ಹೆಲ್ಮೆಟ್ ಹಾಕಿಕೊಂಡರು.

ಅವಳು ಮೊದಲು ಗುಂಡಪ್ಪನ ಹಣೆಗೆ ಕುಂಕುಮವಿಟ್ಟು ಬೆಳಗಿದಳು. ಗುಂಡಪ್ಪ ಕಿಸೆ ತಡಕಿ ಮುಖ ಸಣ್ಣದು ಮಾಡಿದ.

‘ತಾಟಿಗೆ ಹಾಕಾಕ ಏನೂ ತಂದಿಲ್ರಿ ಅಕ್ಕೋರೇ. ಡಿಸೆಂಬರ್‌ದಾಗ ಇಲ್ಲಿ ಕೆಲಸ ಮುಗೀತದ. ಆಮ್ಯಾಲ ನಮ್ಮ ಗ್ಯಾಂಗ್ ಬರೋಡಾ ಕಡೆ, ಕೊಯಾಲಿಗೆ ಹೋಗ್ತದ. ಅಲ್ಲಿಂದ ನಿಮಗ ಸೀರಿ ಕಳಸ್ತೀವ್ರಿ.’ ಆಮೇಲೆ ಏನೋ ನೆನಪಾಗಿ ಕೇಳಿದ. ‘ಕೊಯಾಲ್ಯಾಗ ನಮ್ಮವರು ಯಾರರ ಅದಾರೇನ್ರಿ?’

ನೀರಿನ ಜಗ್ಗು ಹಿಡಿದು ನಿಂತಿದ್ದ ಉಮಾಕಾಂತರು ಸುಲೋಚನಾಳ ಮುಖ ನೋಡಿದರು. ಅವಳು ಅವರ ಕಡೆ ನೋಡಲಿಲ್ಲ.

‘ಅದಾರಪಾ. ನಿಮ್ಮ ಅಕ್ಕ ಅದಾಳ.’

‘ಡಿಸೆಂಬರ್‌ನಲ್ಲಿ ಹಾಲ್ ಸಿಗೋದಿಲ್ವಲ್ರೀ’ ಎಂದರು ಉಮಾಕಾಂತರು ಮೆಲ್ಲಗೆ. ‘ಮದುವೆ ಸೀಸನ್ನು. ಕೊಯಾಲಿ ಕೂಟದವರು ಕಾರ್ಯಕ್ರಮ ಎಲ್ಲಿ ಮಾಡ್ತೀರಿ?’

‘ಹಾಲ್ ಯಾಕ್ರೀ ಸರ್? ಇವರ ರೂಮಿನ ಮುಂದ ಮಾಡ್ತೀವಿ. ನೀವು ಗೋಡಂಬಿ ಹುರಿಯಾಕ ಬರ್ರಿ.’

ರಾತ್ರಿ ಪಾಳಿಯ ಬಸ್ಸು ಹೊರಗೆ ಹಾರ್ನ್ ಹಾಕಿತು. ‘ಏ, ತಡಿಯೋ ಮಾರಾಯಾ’ ಎಂದು ಸಾಲಿನಲ್ಲಿದ್ದವರು ಕೂಗಿದರು. ಸುಲೋಚನಾ ತಾಟು ಹಿಡಿದು ಪಕ್ಕದವನ ಮುಂದೆ ಕೂತಳು. ಇಪ್ಪತ್ತೈದರ ಹುಡುಗ, ಅಳು ತಡೆಯಲು ತುಟಿ ಬಿಗಿ ಹಿಡಿದಿದ್ದ. ಅವಳು ಅವನ ಹೆಲ್ಮೆಟ್ಟನ್ನು ತುಸು ಹಿಂದಕ್ಕೆ ಸರಿಸಿ ಹಣೆ ಹುಡುಕಿದಳು. ‘ನಿನ್ನ ಹೆಸರೇನೋ ತಮ್ಮಾ?’ ಎಂದು ಕೇಳಿದಳು.